ಹಳೆಯ ಚಾರ್ಜರನ್ನು ಈಗಲೇ ಎಸೆಯಬೇಡಿ

ನಮಸ್ಕಾರ. ಮನೆಯ ಸಾಧನಗಳನ್ನೆಲ್ಲ ಟೈಪ್-ಸಿಗೆ (ಹೇಗೆ ತಿರುಗಿಸಿದರೂ ಕೂರುವ ಪುಟ್ಟ ಯುಎಸ್‌ಬಿ ಬಾಯಿಗೆ) ಬದಲಾಯಿಸುತ್ತಿರುವುದಾಗಿಯೂ, ಹೊಸದಾಗಿ ಕೊಂಡ ಟಾರ್ಚು ಮಾತ್ರ ಫೋನಿನ ಚಾರ್ಜರಿನಲ್ಲಿ ಚಾರ್ಜ್ ಆಗುತ್ತಿಲ್ಲವೆಂದೂ ಬರೆದಿದ್ದೀರಿ. ಹಾಸನದಲ್ಲಿರುವ ನನಗೂ ಒಂದು ಟ್ರಿಮ್ಮರಿನಿಂದ ಇದೇ ಅನುಭವವಾಗಿತ್ತು.

ನಿಮ್ಮ ಟಾರ್ಚು ಕೆಟ್ಟಿರುವ ಸಂಭವ ಕಡಿಮೆ. ಎರಡೂ ತುದಿಯಲ್ಲಿ ಟೈಪ್-ಸಿ ಇರುವ ಕೇಬಲ್ ಬಳಸಿದಾಗ, ಎದುರಿನಲ್ಲಿ ವಿದ್ಯುತ್ ಬೇಡುವ ಸಾಧನವಿದೆ ಎಂಬ ಗುರುತು ಸಿಗುವವರೆಗೆ ಚಾರ್ಜರು ವಿದ್ಯುತ್ತನ್ನು ಬಿಡುವುದೇ ಇಲ್ಲ. ಆ ಗುರುತನ್ನು ಕೊಡುವುದು ಸಾಧನದೊಳಗಿನ 5.1 ಕಿಲೋ ಓಮ್‌ನ ಎರಡು ಪುಟ್ಟ ರೆಸಿಸ್ಟರುಗಳು (ವಿದ್ಯುತ್ ಹರಿವಿಗೆ ತಡೆಯೊಡ್ಡುವ ಬಿಡಿಭಾಗಗಳು), ಅಗ್ಗದ ವಸ್ತುಗಳ ಕೆಲವು ತಯಾರಕರು ಅವನ್ನೇ ಕೈಬಿಟ್ಟಿರುತ್ತಾರೆ. ಹಳೆಯ ಅಗಲ ಬಾಯಿಯ ಯುಎಸ್‌ಬಿ ಚಾರ್ಜರಿನಲ್ಲಿ 5 ವೋಲ್ಟ್ ಸದಾ ಇರುವುದರಿಂದ, ಒಂದು ತುದಿ ಅದಕ್ಕೂ ಇನ್ನೊಂದು ತುದಿ ಟಾರ್ಚಿಗೂ ಹೊಂದುವ ಕೇಬಲ್ ಹಾಕಿ ನೋಡಿ. ಮಳೆಗಾಲದಲ್ಲಿ ಕರೆಂಟು ಕೈಕೊಡುವ ಮೂಡಿಗೆರೆಯಂಥ ಊರಿನಲ್ಲಿ ಆ ಹಳೆಯ ಚಾರ್ಜರು, ಅಂಥದೇ ಬಾಯಿಯ ಪವರ್ ಬ್ಯಾಂಕು ಎರಡೂ ಇರಲೇಬೇಕು.

ಲ್ಯಾಪ್‌ಟಾಪಿನ 65 ವಾಟ್ ಚಾರ್ಜರಿಗೆ ಫೋನನ್ನು ಧೈರ್ಯವಾಗಿ ಹಾಕಬಹುದು, ಏಕೆಂದರೆ ಫೋನು ತನಗೆ ಬೇಕಾದಷ್ಟನ್ನೇ ಕೇಳಿ ಪಡೆಯುತ್ತದೆ. ಆದರೆ ಕೇಬಲ್ಲುಗಳು ನೋಡಲು ಒಂದೇ ಆದರೂ ಸಾಮಾನ್ಯವಾದವು 3 ಆಂಪಿಯರ್, ಅಂದರೆ 60 ವಾಟ್‌ವರೆಗೆ ಮಾತ್ರ. ಅದಕ್ಕಿಂತ ಹೆಚ್ಚು ಬೇಕಿದ್ದರೆ ಚಿಪ್ ಇರುವ 5 ಆಂಪಿಯರ್ ಕೇಬಲ್ಲನ್ನೇ ಕೇಳಿ ಕೊಳ್ಳಿ.

ಉಳಿದವನ್ನು ಬದಲಿಸಲು ಅವಸರವೇನಿಲ್ಲ. ಆ್ಯಪಲ್ ಕೂಡ ತನ್ನ ಫೋನುಗಳಲ್ಲಿ ಟೈಪ್-ಸಿಗೆ ಬಂದದ್ದು 2023ರ ಐಫೋನ್ 15ರಲ್ಲಷ್ಟೇ. ಹಳೆಯವು ಕೆಟ್ಟಾಗ ಒಂದೊಂದಾಗಿ ಬದಲಿಸಿದರೆ ಸಾಕು.