ಗರ್ಭಕೋಶದ ಎನ್‌ಕೆ ಜೀವಕೋಶಗಳು ಮಗುವಿಗೆ ಅಪಾಯವೇ?

ಪ್ರಶ್ನೆ: ನನಗೆ ಎರಡು ಸಲ ಗರ್ಭಪಾತವಾಗಿದೆ. ರಕ್ತಪರೀಕ್ಷೆಯಲ್ಲಿ ಎನ್‌ಕೆ ಜೀವಕೋಶಗಳು (ನ್ಯಾಚುರಲ್ ಕಿಲ್ಲರ್ ಎಂಬ ಒಂದು ಬಗೆಯ ಬಿಳಿ ರಕ್ತಕಣಗಳು) ಜಾಸ್ತಿ ಎಂದು ಬಂದಿದೆ. ಅವು ಮಗುವನ್ನು ಕೊಲ್ಲುತ್ತವಂತೆ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳಬೇಕೇ?

ಉತ್ತರ: ನಿಮ್ಮ ಮೈಯೇ ಮಗುವನ್ನು ಕೊಂದಿತು ಎಂಬ ಯೋಚನೆಯನ್ನು ದಯವಿಟ್ಟು ಬಿಡಿ. ಆ ರಿಪೋರ್ಟ್ ನೋಡಿ ಹಾಗೆ ಹೇಳಲು ಬರುವುದಿಲ್ಲ.

ರಕ್ತದಲ್ಲಿ ಓಡಾಡುವ ಎನ್‌ಕೆ ಬೇರೆ, ಗರ್ಭಕೋಶದಲ್ಲಿರುವ ಎನ್‌ಕೆ ಬೇರೆ. ರಕ್ತದಲ್ಲಿರುವವು ವೈರಸ್ ಹೊಕ್ಕ ಜೀವಕೋಶಗಳನ್ನು ಕೊಲ್ಲುವುದರಲ್ಲಿ ಚುರುಕು. ಗರ್ಭಕೋಶದವು ಹಾಗಲ್ಲ. ಮೊದಲ ಮೂರು ತಿಂಗಳಲ್ಲಿ ಗರ್ಭಕೋಶದ ಒಳಪದರದ ಬಿಳಿ ರಕ್ತಕಣಗಳಲ್ಲಿ ಸುಮಾರು ಶೇ 70ರಷ್ಟು ಇವೇ ಇರುತ್ತವೆ. ಚೆನ್ನಾಗಿ ಬೆಳೆಯುವ ಗರ್ಭದಲ್ಲೂ ಅಷ್ಟೇ. ಕೊಲ್ಲುವುದೇ ಇವುಗಳ ಕೆಲಸವಾಗಿದ್ದರೆ ಯಾವ ಗರ್ಭವೂ ನಿಲ್ಲುತ್ತಿರಲಿಲ್ಲ, ಅಲ್ವಾ?

ಹಾಗಾದರೆ ಇವು ಮಾಡುವುದೇನು? ಗರ್ಭಕೋಶದ ಒಳಪದರಕ್ಕೆ ರಕ್ತ ತರುವ ನಾಳಗಳು ಸಣ್ಣವು, ಸುರುಳಿ ಸುತ್ತಿದಂಥವು. ಬೆಳೆಯುವ ಮಗುವಿಗೆ ಅಷ್ಟು ರಕ್ತ ಸಾಲದು. ಎನ್‌ಕೆ ಜೀವಕೋಶಗಳು ಆ ನಾಳಗಳ ಗೋಡೆಯ ಸ್ನಾಯು ಸಡಿಲಾಗಲು ನೆರವಾಗುತ್ತವೆ. ಆಮೇಲೆ ಮಾಸಿನ ಜೀವಕೋಶಗಳು ಒಳಹೊಕ್ಕು ನಾಳವನ್ನು ಅಗಲ ಮಾಡುತ್ತವೆ. ಈ ಕೆಲಸ ಅರ್ಧಕ್ಕೆ ನಿಂತರೆ ತಾಯಿಗೆ ಬಿಪಿ ಏರುವ ಪ್ರಿಎಕ್ಲಾಂಪ್ಸಿಯಾ ಬರಬಹುದು, ಮಗುವಿನ ಬೆಳವಣಿಗೆ ಕುಂಠಿತವಾಗಬಹುದು. ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ತಾಯಿಯ ಎನ್‌ಕೆ ಜೀವಕೋಶಗಳನ್ನು ಅತಿಯಾಗಿ ತಡೆಹಿಡಿಯುವಂಥ ಜೀನ್‌ಗಳ ಜೋಡಿ ಇದ್ದಾಗ ಪ್ರಿಎಕ್ಲಾಂಪ್ಸಿಯಾದ ಸಾಧ್ಯತೆ ಹೆಚ್ಚು. ಹಾಗಿರುವಾಗ ಇವನ್ನು ಸುಮ್ನೆ ಅಡಗಿಸಲು ಹೊರಡುವುದು ನನಗೆ ಸರಿ ಕಾಣುವುದಿಲ್ಲ.

ರಕ್ತದ ಎನ್‌ಕೆ ಲೆಕ್ಕ ಗರ್ಭಕೋಶದ ಸ್ಥಿತಿಯನ್ನು ಹೇಳುವುದೂ ಇಲ್ಲ. ವ್ಯಾಯಾಮ, ಆತಂಕದಿಂದಲೂ ಅದು ಏರುತ್ತದೆ. ಅದೊಂದನ್ನೇ ನಂಬಿ ಸ್ಟೀರಾಯ್ಡ್, ಇಂಟ್ರಾಲಿಪಿಡ್ (ಕೊಬ್ಬಿನ ದ್ರಾವಣ) ಡ್ರಿಪ್ ತೆಗೆದುಕೊಳ್ಳಬೇಡಿ. ಅವುಗಳಿಂದ ಗರ್ಭ ನಿಲ್ಲುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಸ್ಟೀರಾಯ್ಡ್‌ನಿಂದ ಬಿಪಿ, ಶುಗರ್ ಏರಬಹುದು. ಈಗಾಗಲೇ ಶುರು ಮಾಡಿದ್ದರೆ ನೀವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಿ.

ಮೊದಲ ತಿಂಗಳುಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮ್ ದೋಷವೇ ಕಾರಣ. ರೋಗನಿರೋಧಕ ವ್ಯವಸ್ಥೆಯಿಂದಲೇ ಆಗುವ, ಚಿಕಿತ್ಸೆಯೂ ಇರುವ ತೊಂದರೆ ಒಂದಿದೆ: ಆ್ಯಂಟಿಫಾಸ್ಫೊಲಿಪಿಡ್ ಸಿಂಡ್ರೋಮ್, ಅಂದರೆ ದೇಹದ ಪ್ರತಿಕಾಯಗಳೇ ರಕ್ತ ಹೆಪ್ಪುಗಟ್ಟುವಂತೆ ಮಾಡುವ ತೊಂದರೆ. ಇದರ ರಕ್ತಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ ಕನಿಷ್ಠ 12 ವಾರ ಬಿಟ್ಟು ಮತ್ತೆ ಮಾಡಿ ಖಚಿತಪಡಿಸಿಕೊಳ್ಳುತ್ತಾರೆ. ಇದೆ ಎಂದಾದರೆ ಕಡಿಮೆ ಡೋಸ್ ಆಸ್ಪಿರಿನ್ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಡುತ್ತಾರೆ. ಇದರ ಜೊತೆಗೆ ಥೈರಾಯ್ಡ್ ಪರೀಕ್ಷೆ, ಗರ್ಭಕೋಶದ ಆಕಾರ ನೋಡುವ ಸ್ಕ್ಯಾನ್ ಕೂಡ ಆಗಿದೆಯೇ ಎಂದು ನಿಮ್ಮ ವೈದ್ಯರನ್ನು ಕೇಳಿ.