ಕರುವಿನ ಭೇದಿಗೆ ಹಸಿ ಮೊಟ್ಟೆಯೋ, ಗಿಣ್ಣು ಹಾಲೋ?

ಸರ್, ನಿಮ್ಮ ಹತ್ತು ದಿನದ ಕರುವಿಗೆ ಆಂಟಿಬಯಾಟಿಕ್ ಕೊಟ್ಟಾಗ ಭೇದಿ ನಿಂತು, ಬಿಟ್ಟ ಮೇಲೆ ಮತ್ತೆ ಶುರುವಾಯಿತು ಅಂದಿದ್ದೀರಿ. ಹಸಿ ಮೊಟ್ಟೆ ಕುಡಿಸಿ, ಅದರಲ್ಲಿ ಆಂಟಿಬಾಡಿ (ರೋಗಾಣುವಿಗೆ ಅಂಟಿ ಅದನ್ನು ತಡೆಯುವ ಪ್ರೋಟೀನ್) ಇರುತ್ತೆ ಅಂತ ಮೇಲೆ ಒಬ್ಬರು ಬರೆದಿದ್ದಾರೆ. ಅದು ಅರ್ಧ ಸರಿ.

ಕರುವಿಗೆ ಭೇದಿ ತರುವ ಇ. ಕೋಲೈ ಬ್ಯಾಕ್ಟೀರಿಯಾ ಅಥವಾ ರೋಟಾವೈರಸ್ ವಿರುದ್ಧ ಕೋಳಿಗೆ ಲಸಿಕೆ ಹಾಕಿದರೆ, ಅದರ ಮೊಟ್ಟೆಯ ಹಳದಿಯಲ್ಲಿ ಆ ರೋಗಾಣುವಿಗೇ ಅಂಟುವ ಆಂಟಿಬಾಡಿ ಬರುತ್ತದೆ. ಅದನ್ನು ಒಣಗಿಸಿ ಪುಡಿ ಮಾಡುತ್ತಾರೆ. ಮಾಮೂಲಿ ಮೊಟ್ಟೆಯಿಂದ ಆ ಕೆಲಸ ಆಗಲ್ಲ. ಜೊತೆಗೆ ಹಸಿ ಮೊಟ್ಟೆಯಿಂದ ಸಾಲ್ಮೊನೆಲ್ಲಾ ಅನ್ನೋ ಭೇದಿ ತರುವ ಬ್ಯಾಕ್ಟೀರಿಯಾ ಬಂದರೆ ಇನ್ನೊಂದು ತಲೆನೋವು.

ಆಂಟಿಬಯಾಟಿಕ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಆಂಟಿಬಾಡಿ ಹಾಗಲ್ಲ. ಇ. ಕೋಲೈ ತನ್ನ ಸಣ್ಣ ಎಳೆಗಳಿಂದ ಕರುಳಿನ ಗೋಡೆ ಹಿಡಿಯುತ್ತದಲ್ವಾ, ಆ ಎಳೆಗಳಿಗೇ ಇದು ಅಂಟಿಕೊಳ್ಳುತ್ತದೆ. ಹಿಡಿತ ಸಿಗದ ರೋಗಾಣು ಸಗಣಿಯ ಜೊತೆ ಹೊರಗೆ ಹೋಗುತ್ತದೆ. ಒಳ್ಳೆಯ ಬ್ಯಾಕ್ಟೀರಿಯಾಗಳು ಅಲ್ಲೇ ಉಳಿಯುತ್ತವೆ. ಆದರೆ ಈ ಜಾತಿಯ ಇ. ಕೋಲೈ ಕಾಡುವುದು ಹೆಚ್ಚಾಗಿ ಮೊದಲ ನಾಲ್ಕೈದು ದಿನ. ಹತ್ತು ದಿನದ ಕರುವಿನಲ್ಲಿ ನನಗೆ ರೋಟಾವೈರಸ್ ಅಥವಾ ಕ್ರಿಪ್ಟೋಸ್ಪೊರಿಡಿಯಂ (ಕರುಳಿನ ಒಂದು ಸೂಕ್ಷ್ಮ ಪರಾವಲಂಬಿ) ಮೇಲೇ ಅನುಮಾನ ಜಾಸ್ತಿ. ರೋಟಾ ಆದರೆ ಆಂಟಿಬಯಾಟಿಕ್ ಸುಮ್ನೆ ದಂಡ. ಮೊದಲು ಸಗಣಿ ಪರೀಕ್ಷೆ ಮಾಡಿಸಿ.

ಗಿಣ್ಣು ಹಾಲು ಫ್ರೀಜರ್‌ನಲ್ಲಿದ್ದರೆ ಅದನ್ನೇ ಬಳಸಿ. ಹುಟ್ಟಿ 24 ಗಂಟೆ ಕಳೆದ ಮೇಲೆ ಅದರ ಆಂಟಿಬಾಡಿ ರಕ್ತಕ್ಕೆ ಸೇರುವುದಿಲ್ಲ, ನಿಜ. ಆದರೆ ಕರುಳಿನೊಳಗೆ ಕೆಲಸ ಮಾಡುತ್ತದೆ. ಪ್ರತಿ ಸಲದ ಹಾಲಿಗೂ ಸ್ವಲ್ಪ ಬೆರೆಸಿ ಕೊಡಿ. ಕರಗಿಸುವಾಗ ಡಬ್ಬಿಯನ್ನು ಬೆಚ್ಚನೆ ನೀರಿನಲ್ಲಿಡಿ, ನೀರು 50 ಡಿಗ್ರಿ ದಾಟಬಾರದು. ಕುದಿಸಿದರೆ ಒಡೆದು ಗಟ್ಟಿಯಾಗುತ್ತದೆ, ಆಂಟಿಬಾಡಿಯೂ ಹಾಳು. ರೋಗವಿಲ್ಲದ ಹಸುವಿನದೇ ಆಗಿರಲಿ.

ಇಷ್ಟೆಲ್ಲ ಹೇಳಿದರೂ, ಭೇದಿಯಲ್ಲಿ ಕರು ಸಾಯುವುದು ಹೆಚ್ಚಾಗಿ ಮೈಯ ನೀರು, ಉಪ್ಪು ಬತ್ತಿ. ಹಾಲು ನಿಲ್ಲಿಸಬೇಡಿ. ಎರಡು ಹೊತ್ತಿನ ಹಾಲಿನ ನಡುವೆ ಕರುಗಳ ಓಆರ್‌ಎಸ್ ಬೇರೆಯಾಗಿ ಕುಡಿಸಿ. ಕುತ್ತಿಗೆಯ ಚರ್ಮ ಚಿವುಟಿ ಬಿಡಿ. ಮಡಿಕೆ ಎರಡು ಸೆಕೆಂಡಿಗಿಂತ ಹೆಚ್ಚು ನಿಂತರೆ, ಕಣ್ಣು ಗುಳಿ ಬಿದ್ದರೆ, ಬಾಯಿ ತಣ್ಣಗಿದ್ದು ಚೀಪದೇ ಇದ್ದರೆ ಬಾಯಿಗೆ ಏನೂ ಸುರಿಯಬೇಡಿ. ತಕ್ಷಣ ಡಾಕ್ಟರನ್ನು ಕರೆಸಿ, ಡ್ರಿಪ್ ಬೇಕಾಗುತ್ತದೆ.

ಮುಂದಿನ ಸಲಕ್ಕೆ ಗಬ್ಬದ ಹಸುವಿಗೆ ಕೊನೆಯ ವಾರಗಳಲ್ಲಿ ಭೇದಿ ಲಸಿಕೆ ಹಾಕಿಸುವ ಬಗ್ಗೆ ಡಾಕ್ಟರ ಹತ್ತಿರ ಕೇಳಿ. ಕರು ಹುಟ್ಟಿದ ಎರಡು ಗಂಟೆಯೊಳಗೆ ಮೊದಲ ಗಿಣ್ಣು ಹೊಟ್ಟೆಗೆ ಹೋಗಲಿ. 30 ಕೆ.ಜಿ. ಕರುವಿಗೆ ಸುಮಾರು 3 ಲೀಟರ್ ಲೆಕ್ಕ.