ವಿದೇಶಿ ವಿಮಾನ ನಿಂತರೆ ಬೀದರಿಗೆ ಏನು ನಷ್ಟ?

ಸಾಂಕ್ರಾಮಿಕ ರೋಗದಿಂದ ಅಂತರರಾಷ್ಟ್ರೀಯ ಪ್ರಯಾಣ ನಿಂತರೆ ಬೀದರಿನಂಥ ಊರಿಗೂ ಪೆಟ್ಟು ಬೀಳುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತ ಬೀಳುತ್ತದೆ.

ಕೋವಿಡ್‌ ಕಾಲವನ್ನೇ ನೋಡಿ. ದೇಶದ ಮೊದಲ ಕೋವಿಡ್‌ ಸಾವು 2020ರ ಮಾರ್ಚ್‌ನಲ್ಲಿ ನಮ್ಮ ಪಕ್ಕದ ಕಲಬುರಗಿಯಲ್ಲೇ ದಾಖಲಾಯಿತು. ಅದೇ ತಿಂಗಳು ಪ್ರವಾಸಿ ವೀಸಾಗಳು ರದ್ದಾಗಿ, ಸ್ಮಾರಕಗಳು ಮುಚ್ಚಿ, ನಿಗದಿತ ಅಂತರರಾಷ್ಟ್ರೀಯ ವಿಮಾನಗಳು ನಿಂತವು. ಅವು ಪೂರ್ಣವಾಗಿ ಮತ್ತೆ ಆರಂಭವಾದದ್ದು 2022ರ ಮಾರ್ಚ್ 27ರಂದು. 2020ರ ಫೆಬ್ರುವರಿಯಲ್ಲಷ್ಟೇ ಉದ್ಘಾಟನೆಯಾಗಿದ್ದ ಬೀದರ ವಿಮಾನ ನಿಲ್ದಾಣವೂ ದೇಶೀಯ ಹಾರಾಟ ನಿಂತಾಗ ಎರಡು ತಿಂಗಳು ಖಾಲಿಯಾಯಿತು.

ಆದರೆ ನಿಜವಾದ ನಷ್ಟ ಕಾಣಬೇಕಾದರೆ ಬಿದರಿ ಕುಶಲಕರ್ಮಿಯ ಮನೆಗೇ ಹೋಗಬೇಕು. ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಎರಕ ಹೊಯ್ದು, ಉಳಿಯಿಂದ ಗೀರಿದ ಬಳ್ಳಿಯ ಗೆರೆಯೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಿಂದ ಕಪ್ಪೇರಿಸುವ ಈ ಕೆಲಸದಲ್ಲಿ ಬೆಳ್ಳಿಗೆ ಹಣ ಮೊದಲೇ ಹೋಗಿರುತ್ತದೆ. ಕೊಳ್ಳುವವರು ಬಾರದಿದ್ದರೆ ಆ ಹಣವೆಲ್ಲ ಹೂಜಿ, ಹೂದಾನಿಗಳಾಗಿ ಕಪಾಟಿನಲ್ಲೇ ಉಳಿಯುತ್ತದೆ. ಮೇಳಗಳೂ ರಫ್ತೂ ನಿಂತಾಗ ಮಾರಲು ಬೇರೆ ದಾರಿಯೂ ಇರುವುದಿಲ್ಲ. ನನಗೆ ಹೆಚ್ಚು ನೋವಾಗುವುದು ಇಲ್ಲಿಯೇ, ಏಕೆಂದರೆ ಒಮ್ಮೆ ಕೂಲಿಗೆ ಹೊರಟ ಕೈ ಮತ್ತೆ ಉಳಿ ಹಿಡಿಯುವುದು ಸುಲಭವಲ್ಲ.

ಬೀದರಿನ ಗುರುನಾನಕ ಝೀರಾ ಗುರುದ್ವಾರಕ್ಕೂ ಕಲಬುರಗಿಯ ಬಂದೇನವಾಜ್ ದರ್ಗಾಕ್ಕೂ ಬರುವವರಲ್ಲಿ ಹೆಚ್ಚಿನವರು ದೇಶದೊಳಗಿನ ಭಕ್ತರಾದ್ದರಿಂದ, ನಿರ್ಬಂಧ ಸಡಿಲಿದ ಮೇಲೆ ಆಟೋದವರಿಗೂ ಹೂವಿನ ಅಂಗಡಿಯವರಿಗೂ ವ್ಯಾಪಾರ ಬೇಗ ಮರಳಬಲ್ಲದು. ವಿದೇಶಿ ಪ್ರವಾಸಿಗರನ್ನೇ ನಂಬಿದ ಮಾಲ್ಡೀವ್ಸ್‌ನಂಥ ದೇಶಗಳಿಗೆ ಈ ಆಸರೆ ಇರುವುದಿಲ್ಲ.